‘ವಲ್ಲೆ’ ಕಲಿಸಿದ ಆಪಾ

ಆಪಾ ಅವರ ಮೈಮೇಲೆ ಗುಲಗಂಜಿಯಷ್ಟೂ ಲೋಹ ಇರುತ್ತಿರಲಿಲ್ಲ. ಕಿವಿಯಂಚಿನ ಸಾಲು ತೂತುಗಳು ಮುಚ್ಚಿಹೋಗದಿರಲೆಂದು ಬೇವಿನ ಕಡ್ಡಿಯ ಚೂರುಗಳನ್ನು ಸಿಕ್ಕಿಸಿಕೊಂಡಿದ್ದರು. ಮೂಗಿನಲ್ಲೂ ಅಂಥದೇ ಒಂದು ಚೂರು. ಕುಬಸಕ್ಕೆ ಹುಕ್ಕಿನ ಬದಲು ಬಟ್ಟೆಯ ಗುಂಡಿ, ಕನ್ನಡಕದ ಕಡ್ಡಿಗೆ ತಿರುಪಿನ ಬದಲು ಕರಿ ದಾರದ ಗಂಟು. ಕೈತುಂಬ ಹಸಿರು ಗಾಜಿನ ಬಳೆ ಮಾತ್ರ. ಆ ಬಳೆಗಳ ಸಪ್ಪಳ ಕಾರಿಡಾರಿನ ತುದಿಯಲ್ಲಿ ಕೇಳಿಸಿತೆಂದರೆ ಒಳಗೆ ಅಳುತ್ತಿದ್ದ ಮಗು ಅರ್ಧ ಸುಮ್ಮನಾಗುತ್ತಿತ್ತು.

ಅವರು ವಿಜಯಪುರದ ಒಂದು ದೊಡ್ಡ ಆಸ್ಪತ್ರೆಯ ಎಂ.ಆರ್.ಐ. ಕೋಣೆಯ ಆಯಾ. ಎಲ್ಲರ ಬಾಯಲ್ಲೂ ಆಪಾ, ಅಂದರೆ ಅಕ್ಕ. ಮನೆ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಹತ್ತಿರ. ಆ ಯಂತ್ರವೆಂದರೆ ಮನುಷ್ಯ ಮಲಗುವಷ್ಟು ಉದ್ದದ ಸುರಂಗವಿರುವ ಭಾರಿ ಅಯಸ್ಕಾಂತ. ಹತ್ತಿರ ಬಂದ ಕಬ್ಬಿಣವನ್ನು ಎಳೆದುಕೊಂಡುಬಿಡುತ್ತದೆ. “ದಿನಾ ಇಪ್ಪತ್ತ ಸಲ ಒಳಗ ಹೋಗಾಕಿ ನಾ. ಇಪ್ಪತ್ತ ಸಲ ತಗದು ಇಪ್ಪತ್ತ ಸಲ ಹಾಕ್ಕೊಳ್ಳೂದಕ್ಕಿಂತ ಹಿಂಗ ಇರೂದ ಬೇಶ್ ಐತ್ರಿ” ಎಂದು ನಗುತ್ತಿದ್ದರು. ಹಬ್ಬದ ದಿನ ಮಾತ್ರ ಓಲೆ, ಮೂಗುತಿ ಎಲ್ಲ ಹಾಕಿಕೊಂಡು ಬಂದು, ಹೊಸ್ತಿಲ ಆಚೆಯೇ ನಿಂತು, ಎಲ್ಲರಿಗೂ ಶಾವಿಗೆಯ ಸುರಕುಂಬಾ ಕೊಟ್ಟು ಹೋಗುತ್ತಿದ್ದರು.

ನಾನು ಆ ಕೋಣೆಗೆ ಹೋದದ್ದು ರೋಗಿಯಾಗಿ ಅಲ್ಲ, ಕೈಯಲ್ಲಿ ಒಂದು ದಪ್ಪ ಫೈಲು ಹಿಡಿದುಕೊಂಡು. ಮನಃಶಾಸ್ತ್ರದಲ್ಲಿ ಎಂ.ಎ. ಮುಗಿಸಿದ ಮೇಲೆ ಸಿಕ್ಕ ಮೊದಲ ಕೆಲಸ ಅದು. ಹನ್ನೊಂದು ಹನ್ನೆರಡು ವಯಸ್ಸಿನಿಂದ ಮುಂದಕ್ಕೆ ಮಕ್ಕಳ ಮಿದುಳು ಹೇಗೆ ಬೆಳೆಯುತ್ತದೆ ಎಂದು ತಿಳಿಯಲು ಒಬ್ಬ ಡಾಕ್ಟರಮ್ಮ ಸಂಶೋಧನೆ ನಡೆಸುತ್ತಿದ್ದರು. ಅವರಿದ್ದದ್ದು ದೂರದ ಊರಿನಲ್ಲಿ. ಇಲ್ಲಿ ಅವರ ಕಣ್ಣು, ಕೈ, ಕಾಲು ಎಲ್ಲ ನಾನೇ. ತಿಕೋಟಾ, ಬಬಲೇಶ್ವರದ ಕಡೆಯ ಶಾಲೆಗಳಿಗೆ ಹೋಗಿ, ಯಾವ ಕಾಯಿಲೆಯೂ ಇಲ್ಲದ ಮಕ್ಕಳನ್ನು ಆರಿಸಿ, ತಂದೆತಾಯಿಯ ಸಹಿ ಪಡೆದು, ಜೀಪಿನಲ್ಲಿ ಕರೆತಂದು, ಮಗುವಿನ ಸಹಿಯನ್ನೂ ಪಡೆದು, ಮಿದುಳಿನ ಚಿತ್ರ ತೆಗೆಸಿ, ಮತ್ತೆ ಮನೆ ಮುಟ್ಟಿಸಬೇಕು. ಒಂದು ವರ್ಷದ ನಂತರ ಅದೇ ಮಕ್ಕಳನ್ನು ಇನ್ನೊಮ್ಮೆ ಕರೆತರಬೇಕು. ಎರಡನೆಯ ಚಿತ್ರ ಇಲ್ಲದಿದ್ದರೆ ಮೊದಲನೆಯದು ಇದ್ದೂ ಉಪಯೋಗವಿಲ್ಲ.

ರೋಗಿಗಳ ಸರದಿ ಮುಗಿದು ಯಂತ್ರ ನಮಗೆ ಸಿಗುತ್ತಿದ್ದದ್ದು ಮಧ್ಯಾಹ್ನ ಎರಡರಿಂದ ನಾಲ್ಕೂವರೆಯವರೆಗೆ. ಊರೆಲ್ಲ ಉಂಡು ಅಡ್ಡಾಗುವ ಹೊತ್ತು. ಹೊರಗೆ ಬಿಸಿಲು ಬಿಳಿಚಿಕೊಂಡು ನಿಂತಿರುತ್ತಿತ್ತು. ಒಳಗೆ ತಂಪು, ಅರೆಗತ್ತಲು, ಯಂತ್ರದ ಎಂದೂ ನಿಲ್ಲದ ಉಸಿರು. ಕೆಲಸವಿಲ್ಲದಾಗಲೂ ಅದು ಚಿಂವ್, ಚಿಂವ್ ಎಂದು ಮೆಲ್ಲಗೆ ಸದ್ದು ಮಾಡುತ್ತಲೇ ಇರುತ್ತಿತ್ತು. ಗಾಜಿನ ಈಚೆ ಕೂತ ನನಗೆ ಕಣ್ಣು ಎಳೆಯುತ್ತಿತ್ತು. ಆ ಎರಡೂವರೆ ತಾಸುಗಳಲ್ಲಿ ಯಾವುದು ನಡೆದದ್ದು, ಯಾವುದು ತೂಕಡಿಕೆಯಲ್ಲಿ ಕಂಡದ್ದು ಎಂದು ಇಂದಿಗೂ ನನಗೆ ಸರಿಯಾಗಿ ಬೇರ್ಪಡಿಸಲು ಆಗುವುದಿಲ್ಲ. ಒಂದನ್ನು ಬಿಟ್ಟು.

ನಮ್ಮ ಭಾಗದ ಮಕ್ಕಳ ಮೈಮೇಲೆ ಎಷ್ಟು ಬೆಳ್ಳಿ, ತಾಮ್ರ, ಕಬ್ಬಿಣ ಇರುತ್ತದೆ ಎಂಬುದು ಗೊತ್ತಾದದ್ದು ಆಗಲೇ. ಉಡದಾರದಲ್ಲೊಂದು ತಾಯತ, ತೋಳಿನಲ್ಲೊಂದು, ಕಾಲಲ್ಲಿ ಚೈನು, ಜಡೆಯೊಳಗೆ ಹತ್ತು ಪಿನ್ನು, ಅದೂ ಸಾಲದೆಂದು ದೃಷ್ಟಿಯಾಗದಿರಲಿ ಎಂದು ಲಂಗದ ಅಂಚಿಗೆ ಅಜ್ಜಿ ಸಿಕ್ಕಿಸಿದ ಇನ್ನೊಂದು ಪಿನ್ನು. ಮೊದಲ ವಾರ ನಾನು ಪಟ್ಟಿ ಹಿಡಿದು “ಇದನ್ನು ತೆಗಿ, ಅದನ್ನು ತೆಗಿ” ಎಂದು ಪೊಲೀಸರ ಹಾಗೆ ನಿಂತೆ. ಮಕ್ಕಳು ಮುದುಡಿಕೊಂಡರು. ಆಪಾ ಹಾಗಲ್ಲ. ಹುಡುಗಿಯನ್ನು ಪರದೆಯ ಹಿಂದೆ ಕರೆದೊಯ್ದು, ಮೊದಲು ಜಡೆ ಬಿಚ್ಚಿ, ತಲೆ ನೇವರಿಸಿ, ಬಟ್ಟೆಯ ಪಟ್ಟಿಯಿಂದ ಸಡಿಲವಾಗಿ ಮತ್ತೆ ಹೆಣೆಯುತ್ತಿದ್ದರು. ಹೆಣೆದು ಮುಗಿಯುವಷ್ಟರಲ್ಲಿ ಆ ಹುಡುಗಿಯೇ ಒಂದೊಂದಾಗಿ ಎಲ್ಲವನ್ನೂ ತೆಗೆದು ಅವರ ಉಡಿಯಲ್ಲಿ ಹಾಕಿರುತ್ತಿದ್ದಳು. ಆಪಾ ಅವರ ಮನೆಯಲ್ಲಿ ಹೊಲಿಗೆಯ ಕೆಲಸ ಇತ್ತು. ಉಳಿದ ಬಟ್ಟೆಯಲ್ಲಿ ಲಾಡಿ ಕಟ್ಟುವ ಉದ್ದನೆಯ ಅಂಗಿಗಳನ್ನು ತಾವೇ ಹೊಲಿದು ತಂದಿದ್ದರು. ಹೂವಿನದೋ ಗೆರೆಯದೋ ಎಂದು ಮಗುವೇ ಆರಿಸಿಕೊಳ್ಳಬೇಕು.

ಕೊರಳಲ್ಲಿ ಲಿಂಗ ಕಟ್ಟಿಕೊಂಡ ಹುಡುಗನೊಬ್ಬ ಬಂದಾಗ ನಾನು ಕಕ್ಕಾಬಿಕ್ಕಿಯಾದೆ. ಲಿಂಗವಿಡುವ ಬೆಳ್ಳಿಯ ಕರಡಿಗೆ ಯಂತ್ರದೊಳಗೆ ಹೋಗುವಂತಿಲ್ಲ. ಲಿಂಗ ಮೈಬಿಟ್ಟು ಇರುವಂತಿಲ್ಲ ಎಂದು ಅವನ ತಾಯಿ. ನಾನು ಡಾಕ್ಟರಮ್ಮನಿಗೆ ಫೋನು ಹಚ್ಚುವುದರೊಳಗೆ ಆಪಾ ಮಡಿಚಿದ ಬಿಳಿ ಬಟ್ಟೆಯೊಂದನ್ನು ತಂದು ಆ ತಾಯಿಯ ಮುಂದೆ ಹಿಡಿದಿದ್ದರು.

“ನಾ ಮುಟ್ಟಂಗಿಲ್ಲವ್ವಾ. ನೀನ ಕೈ ತೊಳಕೊಂಡು ತಗದು ಇದರಾಗ ಕಟ್ಟು. ಹೊಸಾ ಅರಿವಿ ಐತಿ, ಯಾರೂ ಬಳಸಿಲ್ಲ.”

ಯಂತ್ರ ನಡೆಸುವ ಟೆಕ್ನಿಷಿಯನ್ ನೋಡಿ ಅಡ್ಡಿಯಿಲ್ಲ ಎಂದರು. ಬೆಳ್ಳಿಯ ಕರಡಿಗೆ ತಾಯಿಯ ಮಡಿಲಲ್ಲಿ ಉಳಿಯಿತು, ಲಿಂಗ ಬಟ್ಟೆಯ ಗಂಟಿನಲ್ಲಿ ಮಗನ ಎದೆಯ ಮೇಲೆ ಒಳಗೆ ಹೋಯಿತು. ಮರುದಿನವೇ ಆಪಾ ಅಂಥ ಬಿಳಿ ಬಟ್ಟೆಗಳ ಒಂದು ಕಟ್ಟನ್ನು ಹೊಲಿದು ತಂದರು. ಒಬ್ಬರಿಗೆ ಕೊಟ್ಟದ್ದನ್ನು ಇನ್ನೊಬ್ಬರಿಗೆ ಕೊಡುತ್ತಿರಲಿಲ್ಲ.

ಮಕ್ಕಳಿಗೆ ಎಲ್ಲಕ್ಕಿಂತ ಕಷ್ಟ ಅಲುಗಾಡದೆ ಮಲಗುವುದು. ಅರ್ಧ ತಾಸು ಇಕ್ಕಟ್ಟಿನ ಸುರಂಗದಲ್ಲಿ, ತಲೆಗೆ ಒತ್ತು ಕೊಟ್ಟು, ಸುತ್ತಲೂ ಗದ್ದಲ. ಸ್ವಲ್ಪ ಅಲುಗಿದರೂ ಚಿತ್ರ ಕಲಸಿಹೋಗುತ್ತದೆ. ದೊಡ್ಡ ಊರುಗಳಲ್ಲಿ ಇದಕ್ಕೆಂದೇ ಸುಳ್ಳು ಯಂತ್ರವೊಂದನ್ನು ಇಟ್ಟು ಅಭ್ಯಾಸ ಮಾಡಿಸುತ್ತಾರಂತೆ. ನಮಗೆ ಸಿಕ್ಕದ್ದು ತಿಕೋಟಾದ ಶಾಲೆಯ ಅಂಗಳದಲ್ಲಿ ಯಾರೋ ಕಾಲುವೆಯ ಕೆಲಸಕ್ಕೆ ತಂದು ಬಿಟ್ಟುಹೋಗಿದ್ದ ಸಿಮೆಂಟಿನ ಪೈಪು. ಅದು ನನ್ನ ಕಣ್ಣಿಗೆ ಪೈಪಾಗಿಯೇ ಕಂಡಿತ್ತು. ಒಂದು ಶನಿವಾರ ರಜೆ ಹಾಕಿ ನನ್ನ ಜೊತೆ ಬಂದ ಆಪಾ ಅದನ್ನು ಕಂಡವರೇ ಹೆಡ್‌ಮಾಸ್ತರರ ಮನೆಯಿಂದ ಒಂದು ಕೌದಿ, ಹಿಟ್ಟು ನಾದುವ ಒಂದು ಪರಾತ ತರಿಸಿದರು. ಕೌದಿ ಒಳಗೆ ಹಾಸಿ, ಮಗುವನ್ನು ಮಲಗಿಸಿ, ಹೊರಗಿನಿಂದ ಪರಾತ ಬಡಿಯತೊಡಗಿದರು. ಟಕಟಕಟಕ, ಆಮೇಲೆ ಡರ್‌ರ್, ಆಮೇಲೆ ಧಡ್ ಧಡ್ ಧಡ್. ಯಂತ್ರದ ಪ್ರತಿ ಸಪ್ಪಳವೂ ಅದರ ಕ್ರಮದಲ್ಲೇ ಅವರ ಕೈಗೆ ಬರುತ್ತಿತ್ತು. ಬಬಲೇಶ್ವರದ ಕಡೆಯ ಮಕ್ಕಳನ್ನೂ ಆ ಪೈಪಿಗೇ ಕರೆತಂದೆವು.

ಹೊರಬಂದ ಮಗುವಿಗೆ ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. “ಒಳಗ ಏನ್ ಕಂಡ್ತು?”

ದ್ರಾಕ್ಷಿ ತೋಟದವರ ಮಗನೊಬ್ಬ “ದ್ರಾಕ್ಷಿ ಪಡದಾಗ ಮಲ್ಕೊಂಡಂಗ ಆತ್ರಿ, ಮ್ಯಾಲ ಎಲಿ ಅಲಗಾಡಾಕತ್ತಿದ್ವು” ಎಂದ. ಇನ್ನೊಬ್ಬ ತಾನು ಗೋಳಗುಮ್ಮಟದ ಒಳಗೆ ನಿಂತಿದ್ದೆ, ಆಚೆ ಗೋಡೆಯಿಂದ ಅವ್ವ ಮೆಲ್ಲಗೆ ಕರೆದಳು ಎಂದ. ಬಬಲೇಶ್ವರದ ಹತ್ತಿರದ ಹಳ್ಳಿಯಿಂದ ಬಂದಿದ್ದ, ಕಣ್ಣು ದೊಡ್ಡದಾಗಿದ್ದ ಒಬ್ಬ ಹುಡುಗಿ ಬಹಳ ಹೊತ್ತು ಯೋಚಿಸಿ, “ಬಾವ್ಯಾಗಿನ ನೀರಿನ ತಳದಾಗ ಇದ್ದೆರಿ. ಆದ್ರ ಉಸರ ಆಡತಿತ್ತು” ಎಂದಳು. ಆಪಾ ಪ್ರತಿಯೊಂದಕ್ಕೂ ಆ ಜಾಗ ತಮಗೂ ಗೊತ್ತು ಎಂಬಂತೆ ತಲೆದೂಗುತ್ತಿದ್ದರು. ನನ್ನ ಫೈಲಿನಲ್ಲಿ ಅದನ್ನು ಬರೆಯಲು ಕಾಲಂ ಇರಲಿಲ್ಲ. ಬರೆಯಬೇಕೆಂದು ನನಗೆ ಹೊಳೆಯಲೂ ಇಲ್ಲ.

ಸುರಂಗದೊಳಗೆ ಮಲಗುವ ಮಗುವಿನ ಕೈಯಲ್ಲಿ ಒಂದು ರಬ್ಬರಿನ ಗುಂಡು ಇರುತ್ತದೆ. ಅದನ್ನು ಒತ್ತಿದರೆ ಹೊರಗಿನ ಕೋಣೆಯಲ್ಲಿ ಬಜರ್ ಬಡಿದುಕೊಳ್ಳುತ್ತದೆ, ಯಂತ್ರ ನಿಲ್ಲಿಸಿ ಮಗುವನ್ನು ಹೊರಗೆ ತರಬೇಕು. ‘ನಿನಗೆ ಬೇಡವೆನಿಸಿದರೆ ಯಾವಾಗ ಬೇಕಾದರೂ ನಿಲ್ಲಿಸಬಹುದು’ ಎಂದು ಒಪ್ಪಿಗೆಯ ಕಾಗದದಲ್ಲೂ ಇತ್ತು. ಆ ಸಾಲನ್ನು ನಾನು ಪ್ರತಿ ಮಗುವಿಗೂ ಸ್ಪಷ್ಟವಾಗಿ ಓದಿ ಹೇಳುತ್ತಿದ್ದೆ. ಪ್ರತಿ ಮಗುವೂ “ಹೂಂ ರಿ” ಎಂದು ದುಂಡಗೆ ಸಹಿ ಮಾಡುತ್ತಿತ್ತು. ನನಗೆ ಒಳಗೊಳಗೇ ಹೆಮ್ಮೆ.

ಒಂದು ದಿನ ಆಪಾ ನನ್ನ ಫೈಲು ತಿರುವಿ ಹಾಕುತ್ತ ಕೂತಿದ್ದರು. ಅವರಿಗೆ ಓದಲು ಬರುತ್ತಿದ್ದದ್ದು ಉರ್ದು ಮಾತ್ರ. ಗುರುತು ಹಾಕಿದ ಚೌಕಗಳನ್ನು ನೋಡುತ್ತಿದ್ದರು.

“ಎಷ್ಟ್ ಹುಡುಗ್ರು ವಲ್ಲೆ ಅಂದಾವ್ರಿ ಮೇಡಮ್ಮಾರ?”

“ಒಂದೂ ಇಲ್ಲ ಆಪಾ!”

“ಹಂಗಂದ್ರ ಒಂದೂ ಹೂಂ ಅಂದಿಲ್ಲ ಬಿಡ್ರಿ.”

ನನಗೆ ಸಿಟ್ಟು ಬಂತು. ಅವರು ನಿಧಾನವಾಗಿ ಬಿಡಿಸಿ ಹೇಳಿದರು. “ಸಾಲ್ಯಾಗ ಗುರುಗೋಳು ಹೋಗು ಅಂದಾರ. ಅಪ್ಪ ಸಹಿ ಹಾಕ್ಯಾನ. ನೀವು ಕುರ್ಚಿ ಮ್ಯಾಲ ಪೆನ್ನ ಹಿಡಕೊಂಡು ಕುಂತೀರಿ. ಅದರ ಬಾಯಾಗ ವಲ್ಲೆ ಹೆಂಗ ಬರಬೇಕ್ರಿ? ಹುಟ್ಟಿದಾಗಿಂದ ಹೂಂ ಅನ್ನೂದಷ್ಟ ಕಲಿಸೇವಿ ನಾವು.”

ಅವತ್ತಿನಿಂದ ಅವರದೊಂದು ಪದ್ಧತಿ ಶುರುವಾಯಿತು. ಸಹಿಗೂ ಮೊದಲು ಪ್ರತಿ ಮಗುವೂ ಯಂತ್ರದ ಮುಂದೆ ನಿಂತು, ಗಟ್ಟಿಯಾಗಿ “ವಲ್ಲೆ” ಎನ್ನಬೇಕು. ಮೊದಲ ಸಲ ಯಾರ ಬಾಯಿಂದಲೂ ದನಿ ಹೊರಡುತ್ತಿರಲಿಲ್ಲ. ನಾಚಿ, ನಕ್ಕು, ಬಾಗಿಲ ಕಡೆ ನೋಡಿ, ಕಡೆಗೊಮ್ಮೆ ಬರುತ್ತಿತ್ತು. “ಇನ್ನೂ ಜೋರ್ಲೆ. ನಿಮ್ಮಪ್ಪಗ ಕೇಳಿಸಬೇಕು” ಎನ್ನುತ್ತಿದ್ದರು ಆಪಾ. ಆಮೇಲೆ ಮಲಗಿಸಿ ಗುಂಡು ಒತ್ತಿಸುತ್ತಿದ್ದರು. ಬಜರ್ ಆದೊಡನೆ ಬಳೆಗಳ ಸಪ್ಪಳ ಮಾಡುತ್ತ ಓಡಿಬಂದು ಹಾಸಿಗೆಯನ್ನು ಹೊರಗೆ ಎಳೆಯುತ್ತಿದ್ದರು. ಒಂದಲ್ಲ, ಮೂರು ಸಲ. “ನೀ ಒತ್ತಿದಿ ಅಂದ್ರ ನಾ ಬರ್ತೇನಿ. ಯಾಕ ಒತ್ತಿದಿ ಅಂತ ಕೇಳಂಗಿಲ್ಲ.” ಅಷ್ಟಾದ ಮೇಲೆ ಕೊನೆಗೆ, “ಈಗ ಹೇಳು ಬೇಟಾ. ಹೋಗ್ತಿಯೋ, ವಲ್ಲಿಯೋ?”

ಕೆಲವರು ನಿಜವಾಗಿಯೂ ವಲ್ಲೆ ಎಂದು ಮನೆಗೆ ಹೋಗಿಬಿಟ್ಟರು. ಒಬ್ಬೊಬ್ಬರಿಗೆ ಹತ್ತು ನಿಮಿಷ ಹೆಚ್ಚು, ಪಟ್ಟಿಯಲ್ಲಿ ಹೆಸರು ಕಡಿಮೆ. ನಾನು ಆಪಾ ಜೊತೆ ಜಗಳವಾಡಿದೆ, ಎರಡು ದಿನ ಮಾತು ಬಿಟ್ಟೆ. ಅವರು ನನ್ನ ಮೇಜಿನ ಮೇಲೆ ಚಹಾ ಇಟ್ಟು ಹೋಗುವುದನ್ನು ಬಿಡಲಿಲ್ಲ. ಹಾಗೆ ವಲ್ಲೆ ಕಲಿತ ಮೇಲೆ ಹೂಂ ಎಂದ ಮಕ್ಕಳು ಒಳಗೆ ಎಷ್ಟು ನಿಶ್ಚಲವಾಗಿ ಮಲಗುತ್ತಿದ್ದರೆಂದರೆ, ಕೆಲವರಿಗೆ ನಿದ್ದೆಯೇ ಹತ್ತಿಬಿಡುತ್ತಿತ್ತು. ಅದನ್ನು ನಾನು ಗಮನಿಸಿದ್ದೆ. ಆದರೆ ಒಪ್ಪಿಕೊಳ್ಳಲು ನನ್ನ ಬಿಗುಮಾನ ಬಿಡಲಿಲ್ಲ.

ಚಿತ್ರ ತೆಗೆಸಿಕೊಂಡ ಮಗುವಿಗೆ ನೆನಪಿಗೆಂದು ಅದರ ಮಿದುಳಿನ ಒಂದು ಸಣ್ಣ ಚಿತ್ರವನ್ನು ಕಾಗದದಲ್ಲಿ ಕೊಡಲು ಡಾಕ್ಟರಮ್ಮ ಹೇಳಿದ್ದರು. ಕಾಗದದ ಚೂರಿಗಿಂತ ಭರ್ಜರಿಯಾಗಿ ಕಾಣುತ್ತದೆ ಎಂದು ನಾನು ರೋಗಿಗಳಿಗೆ ಕೊಡುವ ದೊಡ್ಡ ಕಪ್ಪು ಫಿಲ್ಮಿನಲ್ಲೇ ತೆಗೆಸಿ, ಆಸ್ಪತ್ರೆಯ ಉದ್ದನೆಯ ಲಕೋಟೆಯಲ್ಲೇ ಹಾಕಿ ಕೊಟ್ಟೆ. ಮಕ್ಕಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಬಾಯಿ ತೆರೆದು ನೋಡುತ್ತ ನಿಲ್ಲುತ್ತಿದ್ದರು. ಆಪಾ ಮಾತ್ರ ಲಕೋಟೆಯನ್ನು ಹಿಂದೆಮುಂದೆ ತಿರುಗಿಸಿ, “ಇದು ಬ್ಯಾಡ ಅನಸ್ತೈತ್ರಿ. ಈ ಲಕೋಟಿ ಕಂಡ್ರ ಮಂದಿ ಹುಡುಗರಿಗೆ ಏನೋ ಆಗೈತಿ ಅಂತಾರ” ಎಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ವರ್ಷ ಕಳೆಯಿತು. ಎರಡನೆಯ ಸುತ್ತು ಶುರುವಾಗಿತ್ತು. ಬಾವಿಯ ತಳದಲ್ಲಿ ಇದ್ದೆ ಎಂದಿದ್ದ ಆ ಹುಡುಗಿ ತಂದೆಯ ಜೊತೆ ಬಂದಳು. ಹದಿಮೂರು ತುಂಬಿ ಎತ್ತರವಾಗಿದ್ದಳು. ಆಪಾ ಎಂದಿನಂತೆ ಯಂತ್ರದ ಮುಂದೆ ನಿಲ್ಲಿಸಿ ಕೇಳಿದಾಗ, ಈ ಸಲ ನಾಚಲೂ ಇಲ್ಲ, ನಗಲೂ ಇಲ್ಲ. “ವಲ್ಲೆರಿ” ಎಂದಳು.

“ಆಕಿ ಮಾತ ಏನ್ ಕೇಳ್ತೀರಿ, ಮಾಡ್ರಿ” ಎಂದ ತಂದೆ. ಒಳ್ಳೆಯ ಮನುಷ್ಯ, ಮಗಳೆಂದರೆ ಪ್ರಾಣ. ಹೋದ ವರ್ಷದ ಫಿಲ್ಮಿಗೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದನಂತೆ. ಬಂದವರೆಲ್ಲ ಅದನ್ನು ನೋಡಿ ‘ಹುಡುಗಿ ತಲೆಗೆ ಏನಾಗಿದೆ’ ಎಂದು ಕೇಳಿದರು. ಏನೂ ಆಗಿಲ್ಲ ಎಂದರೆ, ಏನೂ ಆಗದೆ ಯಾರು ಫೋಟೋ ತೆಗೆಸುತ್ತಾರೆ ಎಂದರು. ಶಾಲೆಯಲ್ಲಿ ಅವಳ ಹೆಸರು ಹೋಗಿ ‘ತಲಿ ತೋರಿಸ್ಕೊಂಡ ಬಂದಾಕಿ’ ಎಂದಾಗಿತ್ತು. ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ ಬೇರೆ ಬೆಂಚಿಗೆ ಹೋಗಿದ್ದಳು.

“ಇನ್ನೊಮ್ಮೆ ತಗಸಿ, ಏನೂ ಇಲ್ಲ ನೋಡ್ರಿ ಅಂತ ತೋರಸ್ತೇನಿ. ಮಂದಿ ಬಾಯಿ ಮುಚ್ಚತೈತಿ” ಎಂದ ತಂದೆ.

“ಇನ್ನೊಂದ್ ತಗದ್ರ ಇನ್ನೂ ಜಾಸ್ತಿ ಅಂತಾರ” ಎಂದಳು ಮಗಳು, ನೆಲ ನೋಡುತ್ತ.

“ವಲ್ಲೆ ಅಂದಾಳ್ರಿ ಮೇಡಮ್ಮಾರ. ಮುಗೀತು” ಎಂದರು ಆಪಾ.

ನನಗೆ ಮುಗಿದಿರಲಿಲ್ಲ. ಆ ತಿಂಗಳಲ್ಲಿ ಎಷ್ಟೋ ಮಕ್ಕಳು ಕೈತಪ್ಪಿದ್ದರು. ಲಕೋಟೆಯ ಬಗ್ಗೆ ಆಪಾ ಹೇಳಿದ್ದು ನಿಜವಾಯಿತಲ್ಲ ಎಂಬ ಅವಮಾನವೂ ಸೇರಿಕೊಂಡಿತ್ತು. ಕೆಳಗಿನ ಮಹಡಿಯಿಂದ ಒಗೆದ ಚಾದರ ತನ್ನಿ ಎಂದು ಆಪಾ ಅವರನ್ನು ಕಳಿಸಿದೆ. ಚಾದರ ಬೇಕಾಗಿರಲಿಲ್ಲ. ಅವರು ಹೋದಮೇಲೆ ಹುಡುಗಿಯ ಹೆಗಲ ಮೇಲೆ ಕೈಯಿಟ್ಟು, ನನ್ನ ಅತ್ಯಂತ ಮೆತ್ತಗಿನ ದನಿಯಲ್ಲಿ, “ಬರೇ ಅರ್ಧಾ ತಾಸು. ನಿಮ್ಮಪ್ಪಗ ಎಷ್ಟ್ ಸಮಾಧಾನ ಆಗ್ತೈತಿ ನೋಡು” ಎಂದೆ. ಅವಳು ತಂದೆಯ ಮುಖ ನೋಡಿದಳು. “ಹೂಂ ರಿ” ಎಂದಳು. ನಾನು ಚೌಕದಲ್ಲಿ ಗುರುತು ಹಾಕಿದೆ.

ಇಪ್ಪತ್ತಾರು ನಿಮಿಷ ಎಲ್ಲವೂ ಸರಿಯಾಗಿ ನಡೆಯಿತು. ಪರದೆಯ ಮೇಲೆ ಅವಳ ಮಿದುಳು ಪದರ ಪದರವಾಗಿ ಮೂಡುತ್ತಿತ್ತು, ಬೂದುಬಣ್ಣದಲ್ಲಿ, ಅಷ್ಟು ಚೊಕ್ಕವಾಗಿ, ಅಷ್ಟು ಸುಂದರವಾಗಿ. ನಾನು ಅದನ್ನು ನೋಡುತ್ತ ತೇಲುತ್ತಿದ್ದೆ. ಆಗ ಬಜರ್ ಆಯಿತು.

ಟೆಕ್ನಿಷಿಯನ್ ಮೈಕಿಗೆ ಕೈಹಾಕಿದರು. ಇನ್ನು ನಾಲ್ಕು ನಿಮಿಷ ಉಳಿದಿತ್ತು. ಸದ್ದು ನಿಲ್ಲಿಸುವ ಗುಂಡಿ ಯಾವುದೆಂದು ನನಗೆ ಗೊತ್ತಿತ್ತು. ಕೈಚಾಚಿ ಅದನ್ನು ಒತ್ತಿದೆ. “ನಾಲ್ಕ ನಿಮಿಷರಿ. ಮುಗದ ಹೋಗ್ತೈತಿ” ಎಂದೆ. ಅವರು ನನ್ನನ್ನೇ ನೋಡಿದರು, ಕೈ ಹಿಂದೆ ತೆಗೆದುಕೊಂಡರು. ಬಜರ್ ಮತ್ತೆ ಆಯಿತು. ನಾನು ಮತ್ತೆ ಒತ್ತಿದೆ. ಗಾಜಿನ ಆಚೆ, ಸುರಂಗದ ಬಾಯಲ್ಲಿ, ಹೂವಿನ ಅಂಗಿಯ ಕೆಳಗೆ ಅವಳ ಎರಡು ಪಾದಗಳು ಕಾಣುತ್ತಿದ್ದವು. ಬೆರಳುಗಳು ಮಡಚಿಕೊಂಡಿದ್ದವು. ಮೂರನೆಯ ಸಲವೂ ನಾನು ಒತ್ತಿದೆ.

ಬಳೆಗಳ ಸಪ್ಪಳ ಬಂತು. ಬಜರ್ ಆದದ್ದು, ಆಗಿ ನಿಂತದ್ದು, ಎಲ್ಲವೂ ಆಪಾ ಅವರಿಗೆ ಕಾರಿಡಾರಿನಲ್ಲೇ ಕೇಳಿಸಿತ್ತು. ಬಾಗಿಲಲ್ಲಿ ನಿಂತು ಗಾಜಿನಾಚೆ ನೋಡಿದರು, ನನ್ನ ಬೆರಳು ನೋಡಿದರು. ಚಾದರಗಳನ್ನು ನೆಲಕ್ಕೆ ಬಿಟ್ಟು, ಭಾರದ ಬಾಗಿಲು ನೂಕಿ, ಯಂತ್ರ ಇನ್ನೂ ಬಡಿದುಕೊಳ್ಳುತ್ತಿರುವಾಗಲೇ ಒಳಗೆ ಹೋಗಿ ಹಾಸಿಗೆಯನ್ನು ಹೊರಗೆ ಎಳೆದರು. ಟೆಕ್ನಿಷಿಯನ್ ಯಂತ್ರ ನಿಲ್ಲಿಸಿದರು. ತೆರೆದ ಬಾಗಿಲಿನಿಂದ ಮಾತು ಕೇಳಿಸಿತು.

ಹುಡುಗಿ ಅಳುತ್ತಿರಲಿಲ್ಲ. “ಆಪಾ, ನಾ ಮೂರ ಸಲ ಒತ್ತಿದೆ” ಎಂದಳು.

“ನನ್ನ ತಪ್ಪ ಬೇಟಾ. ನಾ ತಡಾ ಮಾಡಿದೆ” ಎಂದರು ಆಪಾ.

ಮರುದಿನ ಆಸ್ಪತ್ರೆಯ ಮೇಲ್ವಿಚಾರಕರು ಆಪಾ ಅವರನ್ನು ಕರೆಸಿದರು. ನಡೆಯುತ್ತಿರುವ ಯಂತ್ರದ ಹಾಸಿಗೆ ಎಳೆಯುವುದು ಆಯಾಗಳ ಕೆಲಸವಲ್ಲ. ಏನಾಯಿತೆಂದು ನಾನು ಬರೆದುಕೊಡುವ ವರದಿ ನೋಡಿ ಅವರನ್ನು ಅಲ್ಲಿ ಇಟ್ಟುಕೊಳ್ಳುವುದೋ ಬಿಡುವುದೋ ತೀರ್ಮಾನಿಸುತ್ತೇವೆ ಎಂದರು. ನಾನು ಬರೆದೆ: ‘ಯಂತ್ರದ ತೊಂದರೆಯಿಂದ ಚಿತ್ರಣ ಅಪೂರ್ಣಗೊಂಡಿದೆ.’ ಒಂದೇ ಸಾಲು. ಅದರಿಂದ ಆಪಾ ಬಚಾವಾಗುತ್ತಾರೆ, ನಾನೂ ಬಚಾವಾಗುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಮೊದಲನೆಯದು ಸುಳ್ಳೆಂದು ನನಗೆ ಗೊತ್ತಿತ್ತು. ಯಂತ್ರದ ತೊಂದರೆ ಎಂದರೆ, ಯಂತ್ರವನ್ನು ಮುಟ್ಟಿದವರು ಯಾರು ಎಂಬ ಪ್ರಶ್ನೆಯೇ ಮೊದಲು ಬರುತ್ತಿತ್ತು.

“ಏನ್ ಬರದೀರಿ, ಸ್ವಲ್ಪ ಓದಿ ಹೇಳ್ರಿ” ಎಂದರು ಆಪಾ. ಓದಿದೆ. ಅವರು ಯಂತ್ರದ ಕಡೆ ತಿರುಗಿ ನೋಡಿದರು. ಅದು ತನ್ನ ಪಾಡಿಗೆ ತಾನು ಚಿಂವ್ ಎನ್ನುತ್ತಿತ್ತು.

“ಪಾಪ, ಮಶೀನ್ ಏನ್ ಮಾಡೈತ್ರಿ?” ಎಂದರು. “ಅದು ಮೂರ ಸಲ ಬಡಕೊಂಡು ಬಡಕೊಂಡು ಹೇಳಿತ್ತು.”

ಬೈದಿದ್ದರೆ ಎದುರಾಡುತ್ತಿದ್ದೆ. ಅವರು ಬೈಯಲಿಲ್ಲ. ಚಹಾದ ಲೋಟ ಮೇಜಿನ ಮೇಲಿಟ್ಟು ಪರದೆ ಸರಿಪಡಿಸಲು ಹೋದರು. ನಾನು ಕಾಗದ ಹರಿದು ಇನ್ನೊಂದು ತೆಗೆದುಕೊಂಡೆ. ಹುಡುಗಿ ವಲ್ಲೆ ಎಂದದ್ದು, ಆಪಾ ಅವರನ್ನು ನಾನು ಬೇಕೆಂದೇ ಹೊರಗೆ ಕಳಿಸಿದ್ದು, ಮೂರು ಸಲ ಸದ್ದು ನಿಲ್ಲಿಸಿದ್ದು, ಫಿಲ್ಮು ಮತ್ತು ಲಕೋಟೆ ನನ್ನದೇ ಯೋಚನೆ ಎಂಬುದು, ಎಲ್ಲ ಬರೆದೆ. ಒಂದು ಪ್ರತಿ ಮೇಲ್ವಿಚಾರಕರಿಗೆ, ಒಂದು ಡಾಕ್ಟರಮ್ಮನಿಗೆ. ಬರೆಯುವಾಗ ಕೆಲಸ ಹೋಗುತ್ತದೆ ಎಂಬ ಭಯಕ್ಕಿಂತ ಹೆಚ್ಚಾಗಿ ನಾಚಿಕೆ.

ಡಾಕ್ಟರಮ್ಮ ಫೋನು ಮಾಡಿ, “ಎಲ್ಲ ಕೆಲಸ ನಿಲ್ಲಿಸಿ. ಈ ಸಲದ ಚಿತ್ರವನ್ನು ಅಳಿಸಿ. ಹಳೆಯದನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ಆ ಮಗುವನ್ನೇ ಕೇಳಿಕೊಂಡು ಬನ್ನಿ” ಎಂದರು. ನನ್ನನ್ನು ತೆಗೆಯುತ್ತಾರೆ ಎಂದುಕೊಂಡಿದ್ದೆ. ತೆಗೆಯಲಿಲ್ಲ. ಆದರೆ ಮಕ್ಕಳ ಒಪ್ಪಿಗೆ ಪಡೆಯುವ ಕೆಲಸ ಮತ್ತೆಂದೂ ನನ್ನ ಒಬ್ಬಳ ಕೈಗೆ ಬರಲಿಲ್ಲ. ನನ್ನ ವರದಿ ನೋಡಿದ ಮೇಲ್ವಿಚಾರಕರು ಆಪಾ ಅವರನ್ನು ಆ ಕೋಣೆಯಲ್ಲೇ ಉಳಿಸಿಕೊಂಡರು.

ಆ ಭಾನುವಾರ ಆಪಾ ಮತ್ತು ನಾನು ಹುಡುಗಿಯ ಹಳ್ಳಿಗೆ ಹೋದೆವು. ಪಡಸಾಲೆಯ ಗೋಡೆಯ ಮೇಲೆ, ದೇವರ ಫೋಟೋಗಳ ಸಾಲಿನಲ್ಲೇ, ಫಿಲ್ಮು ತೂಗುತ್ತಿತ್ತು. ಬಾಗಿಲಿನ ಬೆಳಕು ಬಿದ್ದು ಕಪ್ಪಗೆ ಹೊಳೆಯುತ್ತಿತ್ತು. ತಂದೆ ಮುಖ ಕೊಟ್ಟು ಮಾತಾಡಲಿಲ್ಲ. ಆಪಾ ನೆಲದ ಮೇಲೆ ಕೂತು ಒಂದಿಷ್ಟು ನೀರು ಕುಡಿದು ಕೇಳಿದರು.

“ಅಣ್ಣಾ, ಅದು ಯಾರ ತಲಿರಿ?”

“ಯಾರದಂದ್ರ? ನನ್ನ ಮಗಳದು.”

“ಹಂಗಾದ್ರ ಆಕಿನ್ನ ಕೇಳ್ರಲಾ, ಎಲ್ಲಿ ಇಡಬೇಕಂತ.”

ಅವನು ಗೋಡೆಯನ್ನು ನೋಡಿದ. ಆಮೇಲೆ ಮಗಳನ್ನು ನೋಡಿದ. ಅವಳು ಸ್ಟೂಲು ಎಳೆದು, ಹತ್ತಿ, ತಾನೇ ಕಟ್ಟು ಇಳಿಸಿ, ಸೆರಗಿಲ್ಲದ್ದರಿಂದ ಲಂಗದ ಅಂಚಿನಿಂದಲೇ ಧೂಳು ಒರೆಸಿ, ಒಳಗೊಯ್ದು ಟ್ರಂಕಿನ ತಳದಲ್ಲಿ ಬಟ್ಟೆಗಳ ಕೆಳಗೆ ಇಟ್ಟಳು. ಟ್ರಂಕು ಮುಚ್ಚಿದ ಸದ್ದು ಪಡಸಾಲೆಗೆ ಕೇಳಿಸಿತು. ನಮ್ಮ ಕಂಪ್ಯೂಟರಿನಲ್ಲಿದ್ದ ಹಳೆಯ ಚಿತ್ರವನ್ನೂ ಅಳಿಸಿ ಎಂದಳು. ಅಳಿಸುತ್ತೇವೆ ಎಂದೆ.

“ನೀ ಒತ್ತಿದಾಗ ಸಪ್ಪಳ ಬಂದ್ ಮಾಡಿದಾಕಿ ನಾನ. ನಂದ ತಪ್ಪು” ಎಂದು ಅವಳಿಗೆ ಹೇಳಿದೆ. ಇರಲಿ ಬಿಡ್ರಿ ಎನ್ನುತ್ತಾಳೆ ಎಂದು ಕಾದೆ. ಅವಳು ಎನ್ನಲಿಲ್ಲ. “ಆಪಾ, ಚಾ ಕುಡೀತೀರಿ?” ಎಂದು ಕೇಳಿ, ಅಡುಗೆಮನೆಯ ಬಾಗಿಲವರೆಗೆ ಹೋಗಿ, ತಿರುಗಿ ನಿಂತು, “ನೀವೂ ಕುಡೀತೀರೇನ್ರಿ?” ಎಂದಳು. ನಾನು ಹೂಂ ಎಂದು ತಲೆಯಾಡಿಸಿದೆ.

ಸೋಮವಾರ ಅವಳ ಶಾಲೆಗೂ ಹೋಗಿ, ಆರೋಗ್ಯವಾಗಿರುವ ಮಕ್ಕಳದ್ದೇ ಚಿತ್ರ ತೆಗೆಯುತ್ತಿದ್ದೆವು ಎಂದು ತರಗತಿಯಲ್ಲಿ ಹೇಳಿದೆವು. ಆಪಾ ತಮ್ಮ ತಲೆಯ ಚಿತ್ರವನ್ನೇ ತೆಗೆಸಿಕೊಂಡು ಬಂದಿದ್ದರು. ಎಲ್ಲರ ಕೈಗೂ ಕೊಟ್ಟು, “ನೋಡ್ರಿ, ನನ್ನ ತಲ್ಯಾಗೂ ಬರೇ ಗೆಣಸ ತುಂಬೇತಿ” ಎಂದು ನಗಿಸಿದರು. ಗೆಳತಿ ಹಳೆಯ ಬೆಂಚಿಗೆ ಮರಳಿದಳೋ ಇಲ್ಲವೋ ನಾನು ಕೇಳಲಿಲ್ಲ. ಕೇಳುವ ಹಕ್ಕು ನನಗಿರಲಿಲ್ಲ.

ಕೆಲವು ತಿಂಗಳ ನಂತರ ಕೆಲಸ ಮತ್ತೆ ಶುರುವಾಯಿತು. ಆಪಾ ಅವರ ಪದ್ಧತಿಯನ್ನು ಡಾಕ್ಟರಮ್ಮ ನಿಯಮವಾಗಿಯೇ ಬರೆಸಿದರು. ಸಣ್ಣ ಕಾಗದದ ಚಿತ್ರವನ್ನೂ ಈಗ ಕೇಳಿದ ಮಗುವಿಗಷ್ಟೇ ಕೊಡುತ್ತಿದ್ದೆವು. ಮಧ್ಯಾಹ್ನಗಳು ಮತ್ತೆ ಹಾಗೆಯೇ ತೇಲಿಹೋದವು. ಈಗ ನಾನೂ ಹೊರಬಂದ ಮಗುವನ್ನು ಏನು ಕಂಡಿತು ಎಂದು ಕೇಳುತ್ತಿದ್ದೆ. ಫೈಲಿನ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದೆ. ಜೋಳದ ಹೊಲ, ಮಳೆಯ ಮೊದಲ ದಿನದ ಆಕಾಶ, ಯಾರೂ ಇಲ್ಲದ ಬಸ್ಸು. ಸಂಶೋಧನೆ ಮುಗಿಯಿತು. ನಾನು ಬೇರೆ ಕೆಲಸ ಹಿಡಿದೆ; ಶಾಲೆಗಳಿಗೆ ಸಮೀಕ್ಷೆಗೆಂದು ಹೋಗುವ ಹೊಸಬರಿಗೆ ತರಬೇತಿ ಕೊಡುವುದು. ಮೊದಲ ದಿನ ನಾನು ಅವರಿಗೆ ಹೇಳುವುದೆಲ್ಲ ಆಪಾ ಹೇಳಿದ್ದೇ. ಹೆಸರು ಹೇಳದೆ ನನ್ನದೆಂಬಂತೆ ಹೇಳಿಬಿಡುವ ಆಸೆ ಎಷ್ಟೋ ಸಲ ಬಂದಿದೆ.

ಈ ಚಳಿಗಾಲದಲ್ಲಿ ಆಪಾ ತೀರಿಕೊಂಡರು. ಎದೆನೋವು ಎಂದು ಕೂತವರು ಏಳಲಿಲ್ಲವಂತೆ. ಸುದ್ದಿ ತಿಳಿದು ನಾನು ಇಬ್ರಾಹಿಂಪುರಕ್ಕೆ ಹೋದಾಗ ಮೂರನೆಯ ದಿನ. ಹೊಲಿಗೆ ಯಂತ್ರಗಳ ಮೇಲೆ ಬಟ್ಟೆ ಹೊದಿಸಿದ್ದರು. ಚಾಪೆಯ ಮೇಲೆ ಹೆಂಗಸರು ಕೂತಿದ್ದರು. ನನ್ನ ಹೆಸರು ಹೇಳಿದೊಡನೆ ಅವರ ಸೊಸೆ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು.

“ನೀವ ಅಲ್ರೀ, ಆ ಬಬಲೇಶ್ವರದ ಹುಡಿಗಿನ್ನ ಮಶೀನಿನಿಂದ ಹೊರಗ ಎಳದವರು? ಅತ್ತಿ ಭಾಳ ಸಲ ಹೇಳ್ಯಾರ. ‘ನಾ ಚಾದರ ತರೂದ್ರಾಗ ನಮ್ಮ ಮೇಡಮ್ಮ ಓಡಿಹೋಗಿ ಎಳದಿದ್ಲು’ ಅಂತ.”

ಹೆಂಗಸರೆಲ್ಲ ತಲೆಯೆತ್ತಿ ನನ್ನನ್ನು ನೋಡಿದರು. ಒಬ್ಬ ಮುದುಕಿ ಸರಿದು ಚಾಪೆಯ ಮೇಲೆ ನನಗೆ ಜಾಗ ಮಾಡಿದಳು. ಇಷ್ಟು ವರ್ಷ ಈ ಮನೆಯಲ್ಲಿ ನಾನು ಹೀಗೆ ಇದ್ದೆ, ನನಗೇ ತಿಳಿಯದೆ.

“ಅಲ್ಲವ್ವಾ” ಎಂದೆ. “ಎಳದವರು ಆಪಾ. ಬಜರ್ ಬಂದ್ ಮಾಡಿದಾಕಿ ನಾನು.”

ಸೊಸೆ ನನ್ನ ಕೈ ಬಿಡಲಿಲ್ಲ. ದುಃಖದಲ್ಲಿ ಏನೋ ಮಾತಾಡುತ್ತಿದ್ದೇನೆ ಎಂಬಂತೆ ಬೆನ್ನು ಸವರಿದಳು. “ಅತ್ತಿ ಸುಳ್ಳ ಹೇಳೂ ಮನಶ್ಯಾಳಲ್ರಿ” ಎಂದಳು.

ನಾನು ಮತ್ತೊಮ್ಮೆ ಹೇಳಿದೆ, ಗಟ್ಟಿಯಾಗಿ, ಎಲ್ಲರಿಗೂ ಕೇಳಿಸುವ ಹಾಗೆ. ಆ ಮನೆಯಲ್ಲಿ ಯಾರೂ ನನ್ನನ್ನು ನಂಬಲಿಲ್ಲ.